ಗಾಳಿಯ ಸಾರಜನಕ, ಕಡಲ ನೀರು: ಮೇಡಂ ಅವರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. "ಗೊಬ್ಬರ, ಹೊಗೆ ಗಾಳಿಗೆ ಸೇರಿ ಕರಾವಳಿ ನೀರು ಕೆಡುತ್ತಿದೆ" ಅಂತ ಹೋದ ವಾರ ಒಬ್ಬರು ಹಾಕಿದ್ದಕ್ಕೆ ಇಲ್ಲಿ ದೊಡ್ಡ ಜಗಳವೇ ಆಯ್ತು. ಅದಕ್ಕೇ ಕರಾವಳಿ ನೀರಿನ ಪರೀಕ್ಷೆ ಮಾಡುವ ಮೇಡಂ ಅವರನ್ನು ಕರೆದಿದ್ದೇವೆ. ಅವರ ತವರು ಸಕಲೇಶಪುರದ ಕಡೆ, ನಮ್ಮ ತೋಟ ಗದ್ದೆ ಗೊತ್ತು. ಪ್ರಶ್ನೆ ಮಾತ್ರ ಕೇಳಿ. ಫಾರ್ವರ್ಡ್ ಬೇಡ.

ಬೇಲೂರು ಮೇಷ್ಟ್ರು: ಮೇಡಂ, ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವೇ ಇದೆ ಅಂತ ಮಕ್ಕಳಿಗೆ ಪಾಠ ಮಾಡುತ್ತೇವೆ. ಅದು ಮಾಲಿನ್ಯ ಹೇಗಾಗುತ್ತೆ?

ಮೇಡಂ: ಆ 78 ಭಾಗ ಯಾರ ತಂಟೆಗೂ ಹೋಗಲ್ಲ ಸರ್. ಹೆಚ್ಚಿನ ಪಾಚಿಗಳಿಗೆ ಅದು ದಕ್ಕುವುದೂ ಇಲ್ಲ. ತೊಂದರೆ ಕೊಡುವುದು ಬೇರೆ ರೂಪ. ಎಂಜಿನ್, ಬಾಯ್ಲರ್ ಬಿಸಿಗೆ ಹುಟ್ಟುವ ನೈಟ್ರೋಜನ್ ಆಕ್ಸೈಡ್ ಒಂದು. ಸಗಣಿ, ಗಂಜಲ, ಯೂರಿಯಾದಿಂದ ಏಳುವ ಅಮೋನಿಯಾ ಇನ್ನೊಂದು. ಇವು ಮಳೆಯಲ್ಲಿ ಕರಗಿಯೋ, ದೂಳಿನ ಜೊತೆಗೋ ಕಡಲಿಗೆ ಬಿದ್ದರೆ ಪಾಚಿಗೆ ಗೊಬ್ಬರ. ಪಾಚಿ ಹಬ್ಬುತ್ತೆ, ಸತ್ತು ತಳಕ್ಕೆ ಹೋಗಿ ಕೊಳೆಯುತ್ತೆ. ಕೊಳೆಸುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಮೀನು ಜಾಗ ಬಿಡುತ್ತೆ. ಓಡಲಾರದ ಚಿಪ್ಪು ಗಿಪ್ಪು ಅಲ್ಲೇ ಸಾಯುತ್ತೆ.

ಮೂಡಿಗೆರೆ ಬೆಳೆಗಾರ: ನಮ್ಮ ಹೇಮಾವತಿ ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತೆ. ಮಲ್ಪೆಗೂ ನಮಗೂ ಏನು ಸಂಬಂಧ? ಎಲ್ಲದನ್ನೂ ತಂದು ರೈತನ ತಲೆಗೇ ಕಟ್ಟೋದು.

ಮೇಡಂ: ನದಿಯ ಲೆಕ್ಕ ಸರಿಯಾಗೇ ಇದೆ. ಹೇಮಾವತಿ, ತುಂಗೆ, ಭದ್ರೆ ಎಲ್ಲ ಪೂರ್ವಕ್ಕೇ ಹೋಗುತ್ತವೆ. ನಿಮ್ಮ ಜಿಲ್ಲೆಯ ಕುದುರೆಮುಖದ ಕಡೆಯಿಂದ ಇಳಿಯುವ ನೇತ್ರಾವತಿ ಮಾತ್ರ ಮಂಗಳೂರಿಗೆ. ಆದರೆ ನೀರು ಘಟ್ಟ ನೋಡಿಕೊಂಡು ಹರಿಯುತ್ತೆ, ಗಾಳಿ ಘಟ್ಟವನ್ನು ಕೇಳಲ್ಲ. ಮಳೆಗಾಲದಲ್ಲಿ ಅದು ಕಡಲಿಂದ ನಮ್ಮ ಕಡೆ ಬೀಸುತ್ತೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಉಲ್ಟಾ, ನೆಲದಿಂದ ಕಡಲಿಗೆ. ಬರಿಯ ಅಮೋನಿಯಾ ಹೆಚ್ಚಾಗಿ ಎದ್ದ ಜಾಗದ ಹತ್ತಿರವೇ ಇಳಿಯುತ್ತೆ. ಅದೇ ಅಮೋನಿಯಾ ಹೊಗೆಯಿಂದ ಬಂದ ಆಮ್ಲದ ಜೊತೆ ಸೇರಿ ಸಣ್ಣ ದೂಳಾದರೆ ದಿನಗಟ್ಟಲೆ ತೇಲಿ ನೂರಾರು ಕಿಲೋಮೀಟರ್ ಹೋಗುತ್ತೆ.

ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಇದನ್ನು ಚೆನ್ನಾಗಿ ಅಳೆದಿದ್ದಾರೆ. ಅಲ್ಲಿಗೆ ಸೇರುವ ಸಾರಜನಕದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಗಾಳಿಯಿಂದ ಬಂದದ್ದು. ನೀರು ಬರುವ ಪ್ರದೇಶಕ್ಕಿಂತ ಗಾಳಿ ಬರುವ ಪ್ರದೇಶ ಎಷ್ಟೋ ಪಟ್ಟು ದೊಡ್ಡದು. ಬಾಲ್ಟಿಕ್ ಸಮುದ್ರದಲ್ಲೂ ಸುಮಾರು ಕಾಲು ಭಾಗ ಗಾಳಿಯದೇ. ಹಾಗಂತ ಆ ಲೆಕ್ಕವನ್ನು ತಂದು ಮಲ್ಪೆಗೆ ಅಂಟಿಸಬೇಡಿ. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಆಳದ ನೀರು ತಾನಾಗಿ ಮೇಲೇಳುತ್ತೆ. ಅದರಲ್ಲಿ ಆಮ್ಲಜನಕ ಕಡಿಮೆ, ಪೋಷಕಾಂಶ ಜಾಸ್ತಿ. ಯೂರಿಯಾ ಬರುವ ಮೊದಲೂ ಅದು ಹಾಗೇ ಇತ್ತು. ನಮ್ಮದು ಅದರ ಮೇಲೆ ಬೀಳುವ ಹೊರೆ.

ಹಾಸನ ಡೈರಿ: 78% ಸಾರಜನಕ ಗಾಳಿಯಲ್ಲೇ ಇದೆಯಲ್ಲ ಮೇಡಂ, ಇನ್ನೊಂಚೂರು ಸೇರಿದರೆ ಏನಾಗುತ್ತೆ?

ಮೇಡಂ: ಮೇಲೆ ಬರೆದಿದ್ದೇನೆ. ಮೇಷ್ಟ್ರಿಗೆ ಕೊಟ್ಟ ಉತ್ತರ ಓದಿ.

ಆಲೂರು ಲಾರಿ: ಫಾರ್ವರ್ಡ್ ಬಂದಿದೆ. ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ನೀರಿಗೆ ಬಿಟ್ಟರೆ ಕೆರೆ, ಹಿನ್ನೀರು ಎಲ್ಲದರ ಪಾಚಿ ಒಂದೇ ರಾತ್ರಿಗೆ ಮಾಯ. ಎಲ್ಲರಿಗೂ ತಲುಪಿಸಿ 🙏

ಮೇಡಂ: ದಯವಿಟ್ಟು ಯಾರೂ ಮಾಡಬೇಡಿ. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತ ಅದು, ತಾಮ್ರ. ಪಾಚಿ ಸಾಯುತ್ತೆ, ನಿಜ. ಆದರೆ ಒಟ್ಟಿಗೆ ಸತ್ತದ್ದು ಒಟ್ಟಿಗೇ ಕೊಳೆಯುತ್ತೆ, ಬೆಳಗ್ಗೆ ಮೀನೆಲ್ಲ ತೇಲುತ್ತೆ. ತಾಮ್ರ ತಳದ ಕೆಸರಲ್ಲಿ ಉಳಿಯುತ್ತೆ. ಬೆಲ್ಲದ ನೀರು ಸುರಿಯಿರಿ ಅನ್ನೋ ಇನ್ನೊಂದು ಮೆಸೇಜೂ ಓಡಾಡುತ್ತಿದೆ. ಅದೂ ಬೇಡ.

ಅರಕಲಗೂಡು ಅಕ್ಕ: ಮೇಡಂ, ನಾವು ಮೆಣಸು ಕಾಫಿ ಇರುವ ಸಣ್ಣ ತೋಟಕ್ಕೆ ಸುಣ್ಣ ಹಾಕಿಸಿದೆವು. ಮಾರನೇ ದಿನವೇ ಯೂರಿಯಾ ಎರಚಿಸಿದೆವು, ಉದುರಿದ ಒಣ ಎಲೆ ದರಗಿನ ಮೇಲೇ. ಮಳೆ ಬರುತ್ತೆ ಅಂತ ಇತ್ತು, ಬರಲಿಲ್ಲ. ಮಧ್ಯಾಹ್ನ ತೋಟಕ್ಕೆ ಹೋದರೆ ಕಣ್ಣುರಿ, ಕೊಟ್ಟಿಗೆ ಥರ ವಾಸನೆ. ಅದು ಗಾಳಿಗೆ ಹೋಯ್ತಾ?

ಮೇಡಂ: ಹೋಯ್ತು ಅಕ್ಕ. ನಿಮಗೆ ಮೂಗಿಗೆ ಹೊಡೆದದ್ದೇ ನಿಮ್ಮ ದುಡ್ಡು. ಈ ಚರ್ಚೆಯಲ್ಲಿ ನನಗೆ ಬೇಕಾಗಿದ್ದ ಉದಾಹರಣೆ ಇದೇ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಕಾಫಿ ಮಣ್ಣು ಹುಳಿ ಇರುವುದರಿಂದ ಅಮೋನಿಯಾ ಅಷ್ಟು ಸುಲಭವಾಗಿ ಏಳಲ್ಲ. ನೀವು ಸುಣ್ಣ ಹಾಕಿ ಮೇಲ್ಪದರದ ಹುಳಿ ತೆಗೆದಿರಿ. ಮೇಲೆ ದರಗು. ಯೂರಿಯಾ ಒಡೆಯುವ ಕಿಣ್ವ ಕೊಳೆಯುವ ಎಲೆಯಲ್ಲಿ ಜಾಸ್ತಿ. ಇಬ್ಬನಿಗೆ ಕರಗುವಷ್ಟು ಒದ್ದೆ, ಮಣ್ಣಿಗೆ ಇಳಿಸುವಷ್ಟು ಮಳೆ ಇಲ್ಲ. ಆಮೇಲೆ ಬಿಸಿಲು. ನಾಲ್ಕೂ ಒಟ್ಟಿಗೆ ಬಂದವು. 45 ಕೆಜಿ ಚೀಲದಲ್ಲಿ 20 ಕೆಜಿ ಮೇಲೆ ಸಾರಜನಕ ಇರುತ್ತೆ. ಇಂಥ ಹವೆಯಲ್ಲಿ ಅದರ ಮೂರನೇ ಒಂದು ಭಾಗದವರೆಗೂ ಗಾಳಿಪಾಲಾಗಬಹುದು.

ಇನ್ನು ಮುಂದೆ ಸುಣ್ಣಕ್ಕೂ ಯೂರಿಯಾಕ್ಕೂ ಕನಿಷ್ಠ ಮೂರ್ನಾಲ್ಕು ವಾರ ಅಂತರ ಕೊಡಿ. ಗಿಡದ ಸುತ್ತ ದರಗು ಸರಿಸಿ, ಹಸಿ ಮಣ್ಣಿಗೆ ಹಾಕಿ, ಕೆದಕಿ, ಮತ್ತೆ ದರಗು ಮುಚ್ಚಿಸಿ. ಆಳಿಗೆ ಕೆಲಸ ಜಾಸ್ತಿ, ಗೊತ್ತು. ಈಗ ಹೋದದ್ದಕ್ಕೆ ಬದಲು ಅಂತ ಮತ್ತೆ ಅಷ್ಟೇ ಹಾಕಬೇಡಿ. ಎಲೆ ನೋಡಿ, ಮಣ್ಣು ಪರೀಕ್ಷೆ ಮಾಡಿಸಿ ತೀರ್ಮಾನಿಸಿ.

ಮೂಡಿಗೆರೆ ಬೆಳೆಗಾರ: ಈಗ ಬರೋದೆಲ್ಲ ಬೇವು ಲೇಪಿತ ಯೂರಿಯಾ. ಹಾರಲ್ಲ.

ಮೇಡಂ: ಹಾರುತ್ತೆ. ಬೇವು ತಡೆಯೋದು ಮಣ್ಣಿನಲ್ಲಿ ಅಮೋನಿಯಾ ನೈಟ್ರೇಟ್ ಆಗುವುದನ್ನು. ಅಮೋನಿಯಾ ಏಳುವುದು ಅದಕ್ಕಿಂತ ಮೊದಲಿನ ಹಂತ.

ಮೂಡಿಗೆರೆ ಬೆಳೆಗಾರ: ಶಿರಾಡಿ ಘಾಟಿಯಲ್ಲಿ ಹಗಲು ರಾತ್ರಿ ಹೊಗೆ ಬಿಡುವ ಲಾರಿಗಳನ್ನು ಯಾಕೆ ಕೇಳಲ್ಲ?

ಆಲೂರು ಲಾರಿ: ಓ ಸಾಹುಕಾರ್ರೇ, ನಿಮ್ಮ ಕಾಫಿ ಮಂಗಳೂರಿಗೆ ತಲೆ ಮೇಲೆ ಹೊತ್ತುಕೊಂಡು ಹೋಗ್ತೀರಾ? ನಮ್ಮದು ಬಿಎಸ್-6, ಕಡಿಮೆ ಹೊಗೆಯ ಹೊಸ ಗಾಡಿ. ಅದಕ್ಕೂ ಯೂರಿಯಾ ನೀರು ಹಾಕಬೇಕು, ಗೊತ್ತಾ?

ಹಾಸನ ಡೈರಿ: ಲಾರಿಗೆ ಯೂರಿಯಾನಾ? 😂 ಹೊಲಕ್ಕೇ ಸಿಗ್ತಿಲ್ಲ.

ಮೇಡಂ: ನಗುವಂಥದ್ದಲ್ಲ. ಅದು ಹೊಗೆ ಕೊಳವೆಯಲ್ಲಿ ನೈಟ್ರೋಜನ್ ಆಕ್ಸೈಡನ್ನು ಒಡೆದು ಮತ್ತೆ ತಂಟೆಯಿಲ್ಲದ ಸಾರಜನಕ ಮಾಡುತ್ತೆ. 2020ರ ಏಪ್ರಿಲ್‌ನಿಂದ ಬಂದ ದೊಡ್ಡ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯ.

ಆಲೂರು ಲಾರಿ: ಅದನ್ನು ಹಾಕದೇ ಓಡಿಸೋ ಟ್ರಿಕ್ ವಿಡಿಯೋ ಇದೆ, ಬೇಕಾದವರು ಪರ್ಸನಲ್ ಆಗಿ ಕೇಳಿ.

ಮೇಡಂ: ಅದನ್ನು ಇಲ್ಲಿ ಹಾಕಿದರೆ ನಾನು ಹೊರಡುತ್ತೇನೆ.

ಬೇಲೂರು ಮೇಷ್ಟ್ರು: ಹಿರಿಯರೇ, ಬೇಳೆಕಾಳು ಬೆಳೆಗೆ ಗಾಳಿಯ ಸಾರಜನಕ ಹಿಡಿದುಕೊಡುವ ಬೇರಿನ ಗಂಟಿನ ಬ್ಯಾಕ್ಟೀರಿಯಾ ಇದೆಯಲ್ಲ, ಯೂರಿಯಾ ಯಾಕೆ ಬೇಕು?

ಮೂಡಿಗೆರೆ ಬೆಳೆಗಾರ: ಕಾಫಿ ಗಿಡದಲ್ಲಿ ತೊಗರಿ ಬಿಡುತ್ತಾ ಮೇಷ್ಟ್ರೇ?

ಬೇಲೂರು ಮೇಷ್ಟ್ರು: ಮಾತು ಮರ್ಯಾದೆಯಿಂದ ಇರಲಿ. ನೆರಳಿಗೆ ಹಾಲವಾಣ ಹಾಕಿಲ್ಲವಾ ನಿಮ್ಮ ತೋಟದಲ್ಲಿ? ಅದೂ ಅದೇ ಜಾತಿ.

ಮೇಡಂ: ಮೇಷ್ಟ್ರು ಹೇಳಿದ್ದು ಸರಿ.

ಹಾಸನ ಡೈರಿ: ಕರಾವಳಿಯಲ್ಲಿ ರಾತ್ರಿ ಅಲೆ ನೀಲಿಯಾಗಿ ಹೊಳೆಯುತ್ತಲ್ಲ, ಅದು ನಮ್ಮ ಗೊಬ್ಬರದಿಂದಲೇ ಅಂತ ಯೂಟ್ಯೂಬ್‌ನಲ್ಲಿದೆ. ಮೀನು ತಿನ್ನಬಹುದಾ?

ಮೇಡಂ: ಹೊಳೆಯೋದು ಸಾಮಾನ್ಯವಾಗಿ ನಾಕ್ಟಿಲೂಕ ಅನ್ನುವ ಸೂಕ್ಷ್ಮಜೀವಿ. ಪೋಷಕಾಂಶ ಜಾಸ್ತಿಯಾದಾಗ ಹೆಚ್ಚುತ್ತೆ. ಆದರೆ ಅದನ್ನು ಒಂದು ಚೀಲ ಯೂರಿಯಾಕ್ಕೆ ಗಂಟು ಹಾಕೋದು ಯೂಟ್ಯೂಬ್‌ನವರ ಕೆಲಸ. ತಾಜಾ ಮೀನು ತಿನ್ನಿ. ದಡಕ್ಕೆ ಸತ್ತು ಬಂದದ್ದನ್ನು ಮುಟ್ಟಬೇಡಿ.

ಜಾವಗಲ್: ಮೇಡಂ, ನಮ್ಮ ಬೋರ್‌ವೆಲ್ ನೀರು ಕಾಯಿಸಿದರೆ ನೈಟ್ರೇಟ್ ಹೋಗುತ್ತಾ?

ಮೇಡಂ: ಇಲ್ಲ. ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮನೆಯಲ್ಲಿ ಎಳೆ ಮಗು ಇದ್ದರೆ ಪರೀಕ್ಷೆ ಆಗುವವರೆಗೆ ಆ ನೀರಲ್ಲಿ ಹಾಲಿನ ಪುಡಿ ಕಲಸಬೇಡಿ.

ಜಾವಗಲ್: ಪರೀಕ್ಷೆ ಎಲ್ಲಿ ಮಾಡಿಸೋದು?

ಆಲೂರು ಲಾರಿ: ಪಟಿಕ ಹಾಕಿ ಸರ್, ಎಲ್ಲಾ ಹೋಗುತ್ತೆ.

ಮೇಡಂ: ನೈಟ್ರೇಟಿಗೆ ಪಟಿಕ ಕೆಲಸ ಮಾಡಲ್ಲ. ಎಷ್ಟು ಸಲ ಹೇಳಲಿ.

ಅರಕಲಗೂಡು ಅಕ್ಕ: ಕೊಟ್ಟಿಗೆ ಗೊಬ್ಬರದ ಗುಂಡಿಗೂ ಇದೇ ಥರಾನಾ ಮೇಡಂ?

ಮೇಡಂ: ಹೌದು. ತೆರೆದು ಬಿಡಬೇಡಿ. ದರಗು, ಮಣ್ಣು ಹಾಕಿ ಮುಚ್ಚಿ. ಗಂಜಲ ಒಣ ಹುಲ್ಲಿಗೆ ಹೀರಿಸಿ.

ಮೂಡಿಗೆರೆ ಬೆಳೆಗಾರ: ಹಾಗಾದರೆ ಲಾರಿಯವರದ್ದೇನೂ ತಪ್ಪಿಲ್ಲ, ಅಲ್ವಾ?

ಅಡ್ಮಿನ್: ಸಾಕು. ಆಲೂರಿನವರನ್ನು ಒಂದು ವಾರಕ್ಕೆ ತೆಗೆದಿದ್ದೇನೆ, ಆ ಟ್ರಿಕ್ ವಿಡಿಯೋ ಇಲ್ಲಿ ಹಾಕಿದ್ದಕ್ಕೆ.

ಜಾವಗಲ್: ಪರೀಕ್ಷೆ ಎಲ್ಲಿ ಅಂತ ಯಾರಾದರೂ ಹೇಳಿ.