ಪೋಲಿಯೊ ಹನಿ ಹಾಕಿಸಿದ ಮೇಲೆ ಮಗುವಿನ ಕಾಲು ಸೋತಿದೆ, ಹನಿಯಿಂದಲೇ ಆಗಿರಬಹುದಾ?

ಮಲೆನಾಡಹುಡುಗಿ:
ಅಕ್ಕನ ಮಗನಿಗೆ ಎರಡೂವರೆ ವರ್ಷ. ಭಾನುವಾರ ಬೂತ್‌ನಲ್ಲಿ ಹನಿ ಹಾಕಿಸಿದರು. ಸೋಮವಾರ ಜ್ವರ ಬಂತು, ಕ್ಲಿನಿಕ್ಕಿನಲ್ಲಿ ಎಡಸೊಂಟಕ್ಕೆ ಇಂಜೆಕ್ಷನ್ ಕೊಟ್ಟರು. ಮಂಗಳವಾರ ಬೆಳಿಗ್ಗೆಯಿಂದ ಎಡಗಾಲು ಎಳೆಯುತ್ತಿದ್ದಾನೆ, ಪಾದ ಎತ್ತಲು ಆಗುತ್ತಿಲ್ಲ. ಅಕ್ಕನ ಅತ್ತೆ ಹನಿಯಿಂದಲೇ ಹೀಗಾಯಿತು ಅನ್ನುತ್ತಾರೆ. ಎರಡು ತಿಂಗಳ ಕೂಸಿಗೂ ಇನ್ನು ಹನಿ ಬೇಡ ಅಂತ ಹಟ. ಎಣ್ಣೆ ತಿಕ್ಕಿ ನೋಡೋಣ ಅಂತಿದ್ದಾರೆ. ಏನು ಮಾಡಲಿ?

ನಿವೃತ್ತ_ಸಿಸ್ಟರ್:
ಎಣ್ಣೆ ಈಗ ಬೇಡಮ್ಮ. ಇವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 15 ವರ್ಷದೊಳಗಿನ ಯಾವ ಮಗುವಿಗೇ ಇದ್ದಕ್ಕಿದ್ದಂತೆ ಕೈಕಾಲು ಸೋತರೂ ಎಎಫ್‌ಪಿ, ಅಂದರೆ ದಿಢೀರನೆ ಕೈಕಾಲು ಸಡಿಲವಾಗಿ ಬಲ ಹೋಗುವುದು, ಅಂತ ವರದಿ ಆಗಬೇಕು. ಪೋಲಿಯೊ ಅಂತ ಅನುಮಾನವೇ ಇರಬೇಕಿಲ್ಲ. ಕಾಲು ಸೋತ 14 ದಿನದೊಳಗೆ ಎರಡು ಸಲ, ನಡುವೆ ಕನಿಷ್ಠ 24 ಗಂಟೆ ಬಿಟ್ಟು, ಮಲದ ಸ್ಯಾಂಪಲ್ ತೆಗೆದು ಐಸ್ ಡಬ್ಬಿಯಲ್ಲಿ ಲ್ಯಾಬ್‌ಗೆ ಕಳಿಸುತ್ತಾರೆ. ನಾನು ಕೆಲಸದಲ್ಲಿದ್ದಾಗ ಮನೆಯವರು ನಾಟಿ ಔಷಧಿ ಅಂತ ಈ ದಿನಗಳನ್ನೇ ಕಳೆದು ಬಿಡುತ್ತಿದ್ದರು. ಆಗ ಹೊಟ್ಟೆ ಉರಿಯುತ್ತಿತ್ತು.

ಹನಿಯಿಂದ ಆಗುವುದೇ ಇಲ್ಲ ಅಂತ ನಾನು ಹೇಳಲ್ಲ. ಅದರಲ್ಲಿರುವುದು ಶಕ್ತಿ ಕುಂದಿಸಿದ ಜೀವಂತ ವೈರಸ್. ಮೊದಲ ಡೋಸ್ ಪಡೆದ ಸುಮಾರು 27 ಲಕ್ಷ ಮಕ್ಕಳಲ್ಲಿ ಒಬ್ಬರಿಗೆ ಅದರಿಂದಲೇ ಕಾಲು ಹೋಗಬಹುದು. ಆದರೆ ಅದಕ್ಕೂ ಕನಿಷ್ಠ ನಾಲ್ಕು ದಿನವಾದರೂ ಬೇಕು. ಇವನಿಗೆ ಎರಡೇ ದಿನ. ಹಿಂದೆಯೂ ಹನಿ ಬಿದ್ದಿರಬೇಕು, ಅಲ್ವಾ? ಇನ್ನೊಂದು ಮಾತು. ಹೊಸದಾಗಿ ಹನಿ ಹಾಕಿಸಿದ ಮಗುವಿನ ಮಲದಲ್ಲಿ ಲಸಿಕೆಯ ವೈರಸ್ ಸಿಗುವುದು ಮಾಮೂಲು. ರಿಪೋರ್ಟ್ ನೋಡಿ ಗಾಬರಿ ಬೀಳಬೇಡಿ.

ಕ್ಯಾಲಿಪರ್_ರಾಯರು:
ನನಗೂ ಚಿಕ್ಕವನಿದ್ದಾಗ ಜ್ವರಕ್ಕೆ ಸೂಜಿ ಹಾಕಿಸಿದ ಮೇಲೆಯೇ ಕಾಲು ಹೋಯಿತು. ಅಮ್ಮ ಕೊನೆವರೆಗೂ ಆ ಸೂಜಿಯನ್ನೇ ಬೈದಳು. ಮೈಯಲ್ಲಿ ಪೋಲಿಯೊ ವೈರಸ್ ಇದ್ದಾಗ ಇಂಜೆಕ್ಷನ್ ಬಿದ್ದರೆ ಆ ಕಾಲಿಗೇ ಹೊಡೆತ ಜಾಸ್ತಿ. ಆದರೆ ನನಗೆ ಒಂದು ಹನಿಯೂ ಬಿದ್ದಿರಲಿಲ್ಲ, ಅದನ್ನು ಯಾರೂ ಹೇಳುತ್ತಿರಲಿಲ್ಲ. ದೇಶದಲ್ಲಿ ಕಾಡು ವೈರಸ್‌ನಿಂದ, ಅಂದರೆ ಲಸಿಕೆಯದ್ದಲ್ಲದ ಸಹಜ ಪೋಲಿಯೊ ವೈರಸ್‌ನಿಂದ, ಕೊನೆಯ ಸಲ ಕಾಲು ಕಳೆದುಕೊಂಡಿದ್ದು 2011ರ ಜನವರಿಯಲ್ಲಿ, ಹೌರಾದ ಒಂದು ಹೆಣ್ಣುಮಗು. ಹನಿ ನಿಲ್ಲಿಸಬೇಡಿ ಅಂತ ಅತ್ತೆಯವರಿಗೆ ನನ್ನ ಪರವಾಗಿ ಕೈಮುಗಿದು ಹೇಳಿ.

ಫಿಸಿಯೊ_ಹುಬ್ಬಳ್ಳಿ:
ಮಂಡಿ ಗಟ್ಟಿಯಿದ್ದು ಪಾದ ಮಾತ್ರ ಜೋತುಬಿದ್ದಿದ್ದರೆ, ಸೂಜಿ ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕ್ ನರಕ್ಕೆ ತಾಗಿರುವ ಸಾಧ್ಯತೆ ಹೆಚ್ಚು. ಅದಕ್ಕೇ ಮಕ್ಕಳ ಲಸಿಕೆಯನ್ನು ಸೊಂಟಕ್ಕಲ್ಲ, ತೊಡೆಗೆ ಚುಚ್ಚುವುದು. ಬೇಗ ಸ್ಪ್ಲಿಂಟ್ (ಪಾದಕ್ಕೆ ಆಸರೆ ಕೊಡುವ ಪಟ್ಟಿ) ಹಾಕಿ ವ್ಯಾಯಾಮ ಮಾಡಿಸಿದರೆ ಪಾದ ಸೊಟ್ಟಗಾಗುವುದನ್ನು ತಡೆಯಬಹುದು. ಇನ್ನೊಂದು ಕಾಲೂ ಸೋತರೆ, ಉಸಿರಾಟ ಕಷ್ಟವಾದರೆ ಅದು ಬೇರೆ ಕಾಯಿಲೆ, ಒಂದು ಗಂಟೆಯೂ ಕಾಯಬೇಡಿ.

ಮಲೆನಾಡಹುಡುಗಿ:
ಅಕ್ಕ ಭಾವ ಹೊರಟರು. ಪಾದ ಮಾತ್ರ ಜೋತಿದೆ, ಮಂಡಿ ಮಡಚುತ್ತಾನೆ, ಚಾಚುತ್ತಾನೆ. ತಾಯಿ ಕಾರ್ಡ್ ನೋಡಿದೆ, ಅವನಿಗೆ ಎಲ್ಲ ಡೋಸ್ ಆಗಿದೆ. ಕೂಸಿಗೆ ಆರನೇ ವಾರದ್ದು ಬಾಕಿ.

ನಿವೃತ್ತ_ಸಿಸ್ಟರ್:
ಕೂಸನ್ನೂ ಕಾರ್ಡ್ ಸಮೇತ ಕರೆದುಕೊಂಡು ಹೋಗಲಿ. ಆರನೇ ವಾರಕ್ಕೆ ಹನಿಯ ಜೊತೆ ಪೋಲಿಯೊ ಇಂಜೆಕ್ಷನ್ ಕೂಡ ಇದೆ. ಅದರಲ್ಲಿ ಜೀವಂತ ವೈರಸ್ ಇಲ್ಲ ಅಂತ ಅಜ್ಜಿಗೆ ಹೇಳಿ.