ಮೀಥೈಲ್ ಇದ್ದರೂ ಇಲ್ಲದಿದ್ದರೂ ವೈಟಿಎಚ್ ಆರ್‌ಎನ್‌ಎಯನ್ನು ಹಿಡಿಯುತ್ತದೆ, ಎಲ್ಲಿ ತಪ್ಪಿದ್ದು?

ನೀರ್ಚಾಲು_ಆರ್‌ಎನ್‌ಎ:
ವೈಟಿಎಚ್‌ಡಿಎಫ್2 ಎಂದರೆ ಆರ್‌ಎನ್‌ಎ ಮೇಲಿನ ಮೀಥೈಲ್ ಗುರುತನ್ನು ಓದುವ ಪ್ರೋಟೀನ್. ಅದರ ವೈಟಿಎಚ್ ಭಾಗವನ್ನು ಮಾತ್ರ ಇ. ಕೊಲೈಯಲ್ಲಿ ತಯಾರಿಸಿ ಜೆಲ್ ಶಿಫ್ಟ್ ಮಾಡಿದ್ದು (ಪ್ರೋಟೀನ್ ಅಂಟಿದ ಆರ್‌ಎನ್‌ಎ ಜೆಲ್‌ನಲ್ಲಿ ನಿಧಾನ ಓಡಿ ಮೇಲೆ ನಿಲ್ಲುತ್ತದೆ). ಆರ್‌ಎನ್‌ಎ 16 ನ್ಯೂಕ್ಲಿಯೊಟೈಡಿನದು, ನಡುವೆ ಜಿಜಿಎಸಿಯು. ಒಂದರಲ್ಲಿ ಆ ಎ ಮೇಲೆ ಎನ್6-ಮೀಥೈಲ್ ಉಂಟು, ಇನ್ನೊಂದರಲ್ಲಿ ಇಲ್ಲ. ಆರ್‌ಎನ್‌ಎ 1 ಮೈಕ್ರೊಮೋಲಾರ್. ಪ್ರೋಟೀನ್ 10, 20, 40 ಮೈಕ್ರೊಮೋಲಾರ್. ಎರಡೂ ಒಂದೇ ರೀತಿ ಮೇಲೆ ನಿಲ್ಲುತ್ತವೆ. ಮೀಥೈಲನ್ನು ಗುರುತಿಸುವುದೇ ಇದರ ಕೆಲಸ ಅಲ್ವಾ? ಎಂತ ತಪ್ಪಾಗಿರಬಹುದು?

ಚಂದ್ರಗಿರಿ_ದಂಡೆ:
ಗುರುತಿಸುವ ಜಾಗ ತೀರಾ ಚಿಕ್ಕದು. 432, 486, 491ನೇ ಟ್ರಿಪ್ಟೊಫ್ಯಾನ್‌ಗಳು ಸೇರಿ ಒಂದು ಗೂಡು. ಎ ಬೇಸ್ ಎಳೆಯಿಂದ ಹೊರಕ್ಕೆ ತಿರುಗಿ ಅದರೊಳಗೆ ಇಳಿಯುತ್ತದೆ, ಮೀಥೈಲ್ ಆ ಉಂಗುರಗಳ ನಡುವೆ ಕೂರುತ್ತದೆ. ಬರೀ ಎ ಕೂಡ ಒಳಗೆ ಹೋದೀತು, ಬಿಗಿ ಸಿಗದು. ಗೂಡಿನ ಸುತ್ತಲಿನ ಧನ ವಿದ್ಯುದಂಶದ ಮೈ ಫಾಸ್ಫೇಟನ್ನು ಹೇಗೂ ಎಳೆದುಕೊಳ್ಳುತ್ತದೆ. ಹಾಗಾಗಿ ಬಂಧದ ವ್ಯತ್ಯಾಸ ಸುಮಾರು 10ರಿಂದ 50 ಪಟ್ಟು ಅಷ್ಟೇ. ಒಂದು ಅಂಟಿ ಇನ್ನೊಂದು ಅಂಟದೆ ಇರುವ ಬಾಬತ್ತಲ್ಲ ಇದು. ಪ್ರೋಟೀನನ್ನು 10ರಿಂದಲೇ ಶುರು ಮಾಡಿದರೆ ಎರಡೂ ತುಂಬಿಹೋಗುತ್ತವೆ.

ಆರ್‌ಎನ್‌ಎ ತುದಿಗೆ ಫ್ಯಾಮ್ ಎಂಬ ಹೊಳೆಯುವ ಬಣ್ಣ ಹಾಕಿಸಿ, 5–10 ನ್ಯಾನೊಮೋಲಾರ್ ಮಾತ್ರ ಇಡಿ. ಪ್ರೋಟೀನನ್ನು 50 ಮೈಕ್ರೊಮೋಲಾರಿನಿಂದ ಪ್ರತಿ ಸಲ ಅರ್ಧ ಮಾಡುತ್ತಾ 12 ಹಂತ ಇಳಿಸಿ. ಪೊಟ್ಯಾಶಿಯಂ ಕ್ಲೋರೈಡ್ 150 ಮಿಲಿಮೋಲಾರ್, ಜೊತೆಗೆ ಸುಮ್ಮನೆ ಅಂಟುವುದನ್ನು ತಡೆಯಲು ಯೀಸ್ಟ್ ಟಿಆರ್‌ಎನ್‌ಎ ಸ್ವಲ್ಪ. 432 ಅಥವಾ 486ನೇ ಟ್ರಿಪ್ಟೊಫ್ಯಾನನ್ನು ಅಲನೈನ್ ಮಾಡಿ ಗೂಡು ಕೆಡಿಸಿದ ಪ್ರೋಟೀನ್ ಪಕ್ಕದಲ್ಲಿ ಇರಲೇಬೇಕು. ಅದೂ ಅಷ್ಟೇ ಬಿಗಿಯಾಗಿ ಹಿಡಿದರೆ ನೀವು ನೋಡುತ್ತಿರುವುದು ಗೂಡನ್ನಲ್ಲ.

ಇನ್ನೊಂದು: ಮೈಕ್ರೊಮೋಲಾರ್ ಬಂಧ ಜೆಲ್ ಓಡುವಾಗಲೇ ಬಿಡುತ್ತದೆ, ಪಟ್ಟಿಯ ಬದಲು ಉದ್ದನೆ ಕಲೆ ಬರುತ್ತದೆ. ನಮ್ಮ ಕಾಸರಗೋಡಿನ ಏಪ್ರಿಲ್ ಸೆಕೆಗೆ ಟ್ಯಾಂಕ್ ಬೇಗ ಬಿಸಿಯಾಗುತ್ತದೆ. ಬಫರನ್ನು 4 ಡಿಗ್ರಿಗೆ ತಣಿಸಿ, ಟ್ಯಾಂಕನ್ನು ಐಸಿನಲ್ಲಿ ಇಟ್ಟು ಓಡಿಸಿ. ಫ್ಲೂರೆಸೆನ್ಸ್ ಪೋಲರೈಸೇಶನ್ (ಬಂಧವನ್ನು ದ್ರಾವಣದಲ್ಲೇ ಬೆಳಕಿನಿಂದ ಅಳೆಯುವುದು) ಸೌಕರ್ಯ ಇದ್ದರೆ ಅದೇ ಒಳ್ಳೆಯದು, ಅಲ್ಲಿ ಜೆಲ್‌ನ ಕಾಟವೇ ಇಲ್ಲ.

ಪೆರ್ಲ_ಬಯೊಕೆಮ್:
ಪ್ರೋಟೀನಿನ 260/280, ಅಂದರೆ 260 ಮತ್ತು 280 ನ್ಯಾನೊಮೀಟರಿನಲ್ಲಿ ಬೆಳಕು ಹೀರುವ ಅನುಪಾತ, ಎಷ್ಟು?

ನೀರ್ಚಾಲು_ಆರ್‌ಎನ್‌ಎ:
1.2.

ಪೆರ್ಲ_ಬಯೊಕೆಮ್:
ಇಲ್ಲೇ ಉಂಟು ನೋಡಿ. ಟ್ರಿಪ್ಟೊಫ್ಯಾನ್ ಹೆಚ್ಚಿರುವ ಶುದ್ಧ ಪ್ರೋಟೀನಿಗೆ 0.6ರ ಆಸುಪಾಸು ಬರಬೇಕು. ಬ್ಯಾಕ್ಟೀರಿಯದ ಆರ್‌ಎನ್‌ಎ ಅಂಟಿಕೊಂಡೇ ಬಂದಿದೆ, ನಿಮ್ಮ 40 ಮೈಕ್ರೊಮೋಲಾರ್ ಲೆಕ್ಕವನ್ನೂ ನಂಬುವ ಹಾಗಿಲ್ಲ. ನಿಕಲ್ ಕಾಲಮ್ ಮೇಲೆ ಇರುವಾಗಲೇ 1 ಮೋಲಾರ್ ಉಪ್ಪಿನಲ್ಲಿ ಚೆನ್ನಾಗಿ ತೊಳೆದು, ಮತ್ತೆ ಹೆಪರಿನ್ ಕಾಲಮ್ ದಾಟಿಸಿ.

ಆರ್‌ಎನ್‌ಎಯ ಮಾಸ್ ಸ್ಪೆಕ್ ವರದಿಯನ್ನೂ ತೆರೆದು ನೋಡಿ. ಮೀಥೈಲ್ ಇದ್ದರೆ 14 ಡಾಲ್ಟನ್ ಹೆಚ್ಚು ತೂಗಬೇಕು. ಟ್ಯೂಬಿನ ಚೀಟಿಯನ್ನು ನಂಬಿ ಕೂರಬೇಡಿ.

ಮಂಜೇಶ್ವರ_ಮಡಿಕೆ:
ಮುಂದೆ ಆರ್‌ಎನ್‌ಎಯನ್ನು ಮಣಿಗಳಿಗೆ ಕಟ್ಟಿ ಕೋಶದ ಸಾರದಿಂದ ಪುಲ್‌ಡೌನ್ (ಅದಕ್ಕೆ ಅಂಟುವ ಪ್ರೋಟೀನುಗಳನ್ನು ಎಳೆದು ತೆಗೆಯುವುದು) ಮಾಡುವುದಾದರೆ ಒಂದು ಎಚ್ಚರಿಕೆ. ಮೀಥೈಲ್ ಇರುವ ಎಳೆಗೆ ಹೆಚ್ಚು ಬಂದ ಪ್ರೋಟೀನಿಗೆಲ್ಲ ಗೂಡು ಇರುತ್ತದೆ ಎಂದುಕೊಳ್ಳಬೇಡಿ. ಮ್ಯಾಲಟ್1 ಆರ್‌ಎನ್‌ಎಯಲ್ಲಿ 2577ನೇ ಎ ಮೇಲೆ ಮೀಥೈಲ್ ಕೂತರೆ ಅಲ್ಲಿನ ಹೇರ್‌ಪಿನ್ (ಎಳೆ ಮಡಚಿ ತನ್ನೊಂದಿಗೇ ಜೋಡಿ ಕಟ್ಟಿದ ಭಾಗ) ಸಡಿಲವಾಗುತ್ತದೆ. ಎದುರು ಬದಿಯಲ್ಲಿ ಅಡಗಿದ್ದ ಯು ಸಾಲು ಬಿಚ್ಚಿಕೊಂಡು, ಎಚ್‌ಎನ್‌ಆರ್‌ಎನ್‌ಪಿ ಸಿ ಎಂಬ ಪ್ರೋಟೀನ್ ಅದನ್ನು ಹಿಡಿಯುತ್ತದೆ, ಮೀಥೈಲನ್ನು ಮುಟ್ಟುವುದೇ ಇಲ್ಲ. ಜೋಡಿ ಕಟ್ಟಲಾರದ ಚಿಕ್ಕ ಎಳೆಯಲ್ಲಿ ಅದೇ ಪ್ರಯೋಗ ಮತ್ತೊಮ್ಮೆ ಮಾಡಿ. ಅಲ್ಲೂ ವ್ಯತ್ಯಾಸ ಉಳಿದರೆ ಮಾತ್ರ ನೇರ ಗುರುತಿಸುವಿಕೆಯ ಮಾತು.