ಸತ್ತ ಹೆಡ್‌ಮಾಸ್ತರರನ್ನು ನಾಲ್ಕನೇ ದೃಶ್ಯದಲ್ಲಿ ಎಬ್ಬಿಸುವುದು ಹೇಗೆ?

ಡೊಂಬಿವಲಿ ಪ್ರಾಂಪ್ಟರ್:
50 ನಿಮಿಷದ ನಾಟಕ. ಮುಂಬೈಯ ಫೋರ್ಟಿನಲ್ಲೊಂದು ಕನ್ನಡ ರಾತ್ರಿಶಾಲೆ, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕಲಿಯುವ ಹುಡುಗರು. ಎರಡನೇ ದೃಶ್ಯದಲ್ಲಿ ಹೆಡ್‌ಮಾಸ್ತರರು ತೀರಿಕೊಳ್ಳುತ್ತಾರೆ. ನಾಲ್ಕನೆಯದರಲ್ಲಿ, ಶಾಲೆಯ ಕೋಣೆ ಕೈತಪ್ಪುವ ಹೊತ್ತಿಗೆ, ಹುಡುಗರು ಅವರನ್ನು ಎಬ್ಬಿಸುತ್ತಾರೆ. ಕಾಗದಪತ್ರ ಎಲ್ಲಿದೆ ಎಂದು ಹೇಳಿ ಅವರು ಮತ್ತೆ ಹೋಗಬೇಕು. ಓದಿದವರೆಲ್ಲ ಕೇಳುವುದು ಒಂದೇ: "ಇಷ್ಟಕ್ಕೆ ಸತ್ತವರೇ ಎದ್ದು ಬರಬೇಕಾ? ಒಂದು ಚೀಟಿ ಸಿಕ್ಕಿದ್ದರೆ ಸಾಕಿತ್ತಲ್ಲ!" ಇನ್ನೊಂದು ವಿಷಯ, ಏಳುವಾಗ ಡ್ರೈ ಐಸ್ ಹೊಗೆ ಬಿಡೋಣ ಎನ್ನುತ್ತಾರೆ ನಮ್ಮವರು. ಬಿಡಬಹುದಾ?

ಮಾಟುಂಗ ಮೂರನೇ ಸಾಲು:
ಓದಿದವರು ಸರಿಯಾಗಿಯೇ ಹೇಳಿದ್ದಾರೆ. ಕಾಗದ ಎಲ್ಲಿದೆ ಎನ್ನುವುದು ಬರೀ ಮಾಹಿತಿ, ಅದಕ್ಕೆ ಚೀಟಿಯೇ ಸಾಕು. ಸತ್ತವನನ್ನು ಎಬ್ಬಿಸಬೇಕಾದರೆ ಅವನೊಬ್ಬನಿಂದಲೇ ಆಗುವ ಕೆಲಸ ಇರಬೇಕು.

ಮಹಾಭಾರತದ ಕಚನನ್ನು ನೋಡಿ. ಸತ್ತವರನ್ನು ಬದುಕಿಸುವ ಮೃತಸಂಜೀವಿನಿ ಮಂತ್ರ ಕಲಿಯಲೆಂದೇ ದೇವತೆಗಳು ಅವನನ್ನು ಶುಕ್ರಾಚಾರ್ಯರ ಬಳಿಗೆ ಕಳಿಸಿದ್ದು. ಅಸುರರು ಎರಡು ಸಲ ಕೊಂದರು, ಶುಕ್ರರ ಮಗಳು ದೇವಯಾನಿ ಅತ್ತಳು, ಶುಕ್ರರು ಎಬ್ಬಿಸಿದರು. ಈ ಎರಡು ಸಲದಲ್ಲಿ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಮೂರನೇ ಸಲ ಸುಟ್ಟು ಬೂದಿ ಮಾಡಿ, ಮದ್ಯದಲ್ಲಿ ಕಲಸಿ, ಗುರುವಿಗೇ ಕುಡಿಸಿದರು. ಈಗ ಶಿಷ್ಯ ಹೊರಗೆ ಬಂದರೆ ಗುರು ಸಾಯಬೇಕು. ಹಾಗಾಗಿ ಹೊಟ್ಟೆಯೊಳಗಿದ್ದವನಿಗೆ ಮಂತ್ರ ಹೇಳಿಕೊಡದೆ ಗತಿಯಿಲ್ಲ. ಬಂದ ಕೆಲಸ ಆ ಸಾವಿನಿಂದಲೇ ಆಯಿತು, ಹೊರಬಂದವನು ಮೊದಲು ಮಾಡಿದ್ದು ಗುರುವನ್ನು ಎಬ್ಬಿಸುವುದು. ಇಷ್ಟಾದರೂ ಬಿಟ್ಟಿ ಅಲ್ಲ. ಕಲಿತ ವಿದ್ಯೆ ನಿನಗೆ ಫಲಿಸದಿರಲಿ ಎಂದು ದೇವಯಾನಿಯ ಶಾಪ.

ನಿಮ್ಮ ನಾಟಕಕ್ಕೆ ಹೀಗೆ ಮಾಡಿ ನೋಡಿ. ಕಾಗದ ಸಿಕ್ಕಿದೆ. ಕೋಣೆ ಬಿಟ್ಟುಕೊಡುತ್ತೇನೆ ಎಂದು ಅದರಲ್ಲಿ ಹೆಡ್‌ಮಾಸ್ತರರದೇ ಸಹಿ ಇದೆ. ಹುಡುಗರು ಎಬ್ಬಿಸುವುದು "ಯಾಕೆ ಸಹಿ ಹಾಕಿದಿರಿ ಸರ್?" ಎಂದು ಕೇಳುವುದಕ್ಕೆ. ಇದಕ್ಕೆ ಚೀಟಿ ಉತ್ತರ ಕೊಡುವುದಿಲ್ಲ.

ಎಬ್ಬಿಸುವ ವಿಧಾನ ಮೊದಲ ದೃಶ್ಯದಲ್ಲೇ ಕಣ್ಣಿಗೆ ಬಿದ್ದಿರಬೇಕು. ರಾತ್ರಿಶಾಲೆ ಅಂದಮೇಲೆ ಹಾಜರಿ ಪುಸ್ತಕ ಇದ್ದೇ ಇರುತ್ತದೆ. ಆರಂಭದಲ್ಲಿ ಅವರು ಹೆಸರು ಕೂಗುತ್ತಾರೆ, ನಾಲ್ಕನೆಯದರಲ್ಲಿ ಹುಡುಗನೊಬ್ಬ ಅವರ ಹೆಸರು ಕೂಗುತ್ತಾನೆ. ಬೆಲೆಯೂ ಅದರಲ್ಲೇ: ಕೂಗಿದವನ ಹೆಸರು ಪುಸ್ತಕದಿಂದ ಹೋಗುತ್ತದೆ, ನಾಳೆಯಿಂದ ಅವನಿಗೆ ತರಗತಿ ಇಲ್ಲ.

ಕೊನೆಗೆ ಬಾಗಿಲು ಮುಚ್ಚುವುದು, ಅಂದರೆ ಮತ್ತೆ ಎಬ್ಬಿಸಲಾಗದಂತೆ ಮಾಡುವುದು. ಉತ್ತರೆಯ ಗರ್ಭದಲ್ಲೇ ಸತ್ತಿದ್ದ ಪರೀಕ್ಷಿತನನ್ನು ಕೃಷ್ಣ ಎಬ್ಬಿಸಿದ್ದು ಕುರುವಂಶ ಉಳಿಯಲೆಂದು. ಅದೇ ಪರೀಕ್ಷಿತನನ್ನು ತಕ್ಷಕನೆಂಬ ಸರ್ಪ ಕಚ್ಚಲು ಹೊರಟಾಗ, ವಿಷ ಇಳಿಸಬಲ್ಲ ಕಾಶ್ಯಪ ಎಂಬ ಬ್ರಾಹ್ಮಣನೂ ಹೊರಟಿದ್ದ. ದಾರಿಯಲ್ಲಿ ತಕ್ಷಕ ಒಂದು ಆಲದ ಮರ ಸುಟ್ಟ, ಕಾಶ್ಯಪ ಅದನ್ನು ಚಿಗುರಿಸಿ ತೋರಿಸಿದ. ಆಮೇಲೆ ತಕ್ಷಕ ಹಣ ಕೊಟ್ಟು ಅವನನ್ನು ಹಿಂದಕ್ಕೆ ಕಳಿಸಿದ. "ಈ ಸಲ ಯಾಕೆ ಬದುಕಿಸಲಿಲ್ಲ?" ಎಂದು ಕೇಳುವವರ ಬಾಯಿ ಅಲ್ಲಿಗೆ ಬಂದ್. ನಿಮ್ಮಲ್ಲೂ ಮತ್ತೊಬ್ಬ ಹುಡುಗ ಕೂಗಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಬೇಕು.

ಚೌಕಿ ಪಕ್ಕದವ:
ಬಾಗಿಲು ಮುಚ್ಚಲೇಬೇಕು ಅಂತೇನಿಲ್ಲ ಮಾರಾಯ್ರೆ, ಹೊತ್ತು ಕಟ್ಟಿದರೂ ಸಾಕು. ಮಹಾಭಾರತದ ಆಶ್ರಮವಾಸಿಕ ಪರ್ವದಲ್ಲಿ ವ್ಯಾಸರು ಯುದ್ಧದಲ್ಲಿ ಸತ್ತವರನ್ನೆಲ್ಲ ಗಂಗೆಯಿಂದ ಕರೆಸುತ್ತಾರೆ, ಒಂದೇ ರಾತ್ರಿಗೆ. ಬೆಳಗಾದರೆ ವಾಪಸ್. ದೇಹವೇ ಹೋದವರು ಅದೇ ರೂಪದಲ್ಲಿ ಬರುವುದು ಹೇಗೆ ಎಂಬ ಅನುಮಾನವನ್ನು ಕಥೆ ಕೇಳುತ್ತಾ ಕೂತ ಜನಮೇಜಯನೇ ಎತ್ತುತ್ತಾನೆ. ನಿಮ್ಮ ಹುಡುಗರಲ್ಲಿ ಒಬ್ಬನ ಬಾಯಲ್ಲಿ ಈ ಪ್ರಶ್ನೆ ಹಾಕಿಬಿಡಿ, ಸಭೆಯವರು ಕೇಳುವ ಮೊದಲೇ.

ಎಬ್ಬಿಸುವ ಕೆಲಸ ಸಲೀಸಾಗಬಾರದು, ಇದು ಮುಖ್ಯ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಮಗ ಬಭ್ರುವಾಹನನ ಬಾಣಕ್ಕೆ ಅರ್ಜುನನ ತಲೆ ಹೋಗುತ್ತದೆ. ಬದುಕಿಸಲು ಪಾತಾಳದಿಂದ ಮಣಿ ತರಬೇಕು. ಮಣಿ ಬರುವಷ್ಟರಲ್ಲಿ ತಲೆಯೇ ಮಾಯ, ಅದನ್ನು ಕದ್ದವರು ಧೃತರಾಷ್ಟ್ರನೆಂಬ ನಾಗನ ಮಕ್ಕಳು. ಕೃಷ್ಣ ಬಂದು ತನ್ನ ಬ್ರಹ್ಮಚರ್ಯದ ಮೇಲೆ ಆಣೆಯಿಟ್ಟ ಮೇಲೇ ತಲೆ ವಾಪಸ್. ಯಕ್ಷಗಾನದ ಆಟದಲ್ಲಿ ರಂಗೇರುವುದು ಈ ಅಡ್ಡಿಗಳಲ್ಲೇ. ಅರ್ಜುನ ಕಣ್ಣುಬಿಟ್ಟ ಮೇಲೆ ಭಾಗವತರು ಬೇಗ ಮಂಗಳಕ್ಕೆ ಬರುವುದು ಒಳ್ಳೇದು. ನಿಮ್ಮ ಹಾಜರಿ ಪುಸ್ತಕವನ್ನೂ ಯಾರಾದರೂ ಹೊತ್ತೊಯ್ದಿರಲಿ.

ಪಿಂಪ್ರಿ ಸೈಡ್‌ಲೈಟ್:
ಮೊದಲು ಹೊಗೆಯ ವಿಷಯ. ಡ್ರೈ ಐಸ್ ಬೇಡವೇ ಬೇಡ. ಅದು ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್. ಆ ಅನಿಲ ಗಾಳಿಗಿಂತ ಭಾರ, ನೆಲದ ಮೇಲೇ ಹಾಸಿಕೊಂಡು ನಿಲ್ಲುತ್ತದೆ. ನಿಮ್ಮ ಹೆಣ ಮಲಗಿರುವುದೂ ಅಲ್ಲೇ! ಅವನು ಅದನ್ನೇ ಉಸಿರಾಡಿದರೆ ತಲೆಸುತ್ತು, ಹೆಚ್ಚಾದರೆ ಪ್ರಾಣಕ್ಕೇ ಸಂಚಕಾರ. ಫಾಗ್ ಮೆಷಿನ್ ಆದರೂ ಸ್ಮೋಕ್ ಅಲಾರಂ ಹೊಡೆಯಬಹುದು, ಸಭಾಂಗಣದವರನ್ನು ಮೊದಲೇ ಕೇಳಿ.

ಹೊಗೆ ಇಲ್ಲದೆಯೇ ಚೆನ್ನಾಗಿ ಆಗುತ್ತದೆ. ಅವರನ್ನು ಮಲಗಿಸಬೇಡಿ, ಮಲಗಿದರೆ ಹೊಟ್ಟೆ ಏರಿಳಿಯುವುದು ಮೊದಲ ಸಾಲಿಗೆ ಕಾಣುತ್ತದೆ. ಮೇಜಿನ ಮೇಲೆ ತೋಳು ಮಡಚಿ ತಲೆಯಿಟ್ಟು ಸಾಯಲಿ, ಹೆಗಲ ಮೇಲೆ ಸಡಿಲವಾಗಿ ಶಾಲು. ಎರಡನೇ ದೃಶ್ಯ ಮುಗಿಯುವಾಗ ಹೊತ್ತುಕೊಂಡು ಹೋಗಲಿ, ಮೂರನೆಯದರಲ್ಲಿ ಗೋಡೆಗೆ ಮಾಲೆ ಹಾಕಿದ ಫೋಟೋ ಬರಲಿ. ಸತ್ತದ್ದು ಖಾತ್ರಿಯಾಗದಿದ್ದರೆ "ಮೂರ್ಛೆ ಹೋಗಿದ್ದರೇನೋ" ಅಂದುಕೊಳ್ಳುತ್ತಾರೆ.

ಹೆಸರು ಕೂಗಿದ ಕೂಡಲೇ ಪೂರ್ತಿ ಕತ್ತಲೆ, ಐದಾರು ಸೆಕೆಂಡು. ಕುರ್ಚಿಯ ಕಾಲಿಗೆ ಹೊಳೆಯುವ ಟೇಪ್ ಅಂಟಿಸಿ. ಮಾಸ್ತರರ ಪಾತ್ರಧಾರಿ ವಿಂಗ್‌ನಲ್ಲಿ ನಿಂತಾಗಲೇ ಒಂದು ಕಣ್ಣು ಮುಚ್ಚಿಕೊಂಡಿರಲಿ, ಕತ್ತಲಾದಾಗ ಆ ಕಣ್ಣು ತೆರೆದರೆ ದಾರಿ ಕಾಣುತ್ತದೆ. ಅಷ್ಟರಲ್ಲಿ ಫೋಟೋ ಇಳಿಸಿ ಅದೇ ಅಳತೆಯ ಖಾಲಿ ಚೌಕಟ್ಟು ನೇತುಹಾಕಿ. ಬೆಳಕು ಬಂದಾಗ ಅವರು ಮೇಜಿನ ಹಿಂದೆ ಕೂತಿದ್ದಾರೆ. ಹುಡುಗರಿಗೆ ಮುಂದಿನ ಬೆಳಕು, ಅವರಿಗೆ ಎರಡೂ ಪಕ್ಕದಿಂದ ಭುಜದೆತ್ತರದ ಬೆಳಕು ಮಾತ್ರ, ತಿಳಿ ನೀಲಿ. ಹಸಿರು ಹಾಕಿದರೆ ಜನ ನಗುತ್ತಾರೆ. ಏಳೆಂಟು ನಿಮಿಷ ದಾಟಿಸಬೇಡಿ, ಆಮೇಲೆ ಅವರು ಸತ್ತವರೆಂಬುದೇ ಮರೆತುಹೋಗುತ್ತದೆ.

ಡೊಂಬಿವಲಿ ಪ್ರಾಂಪ್ಟರ್:
ಸಹಿಯ ಐಡಿಯಾ ತಗೊಂಡೆ. ಆದರೆ ಅವರು ಏನು ಉತ್ತರ ಕೊಡಬೇಕು?

ಮಾಟುಂಗ ಮೂರನೇ ಸಾಲು:
ಹುಡುಗರಿಗೆ ಬೇಡವಾದ ಉತ್ತರ. ಕೋಣೆ ಬಿಡಿಸಿಕೊಳ್ಳಲು ಯಾರೂ ಒತ್ತಾಯಿಸಿರಲಿಲ್ಲ, ಹಾಜರಿ ಪುಸ್ತಕದಲ್ಲಿ ಉಳಿದದ್ದೇ ನಾಲ್ಕು ಹೆಸರು ಎಂದು ಅವರೇ ಹೇಳಲಿ. ಕೂಗಿದ ಹುಡುಗನದೂ ಹೋಗಿ ಈಗ ಮೂರು. ತಿದ್ದುವುದೆಲ್ಲ ಬೇಗ ತಿದ್ದಿ. ಸ್ಕ್ರಿಪ್ಟು ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಕ್ಕೆ (ನಾಟಕಗಳನ್ನು ಪರಿಶೀಲಿಸುವ ಮಹಾರಾಷ್ಟ್ರದ ಸರ್ಕಾರಿ ಮಂಡಳಿ) ಹೋದಮೇಲೆ ದೃಶ್ಯ ಬದಲಿಸುವುದು ತಲೆನೋವು.